ಸಮುದಾಯ ಇಂಧನ: ಊರಿನ ಕರೆಂಟು ಊರವರ ಕೈಗೆ ಬಂದಾಗ

ಊರಿನ ಜನರೇ ಸೇರಿ ತಮಗೆ ಬೇಕಾದ ವಿದ್ಯುತ್ತನ್ನು ಬಿಸಿಲು, ಗಾಳಿ ಇಲ್ಲವೇ ಹರಿಯುವ ನೀರಿನಿಂದ ಮಾಡಿಕೊಂಡು, ಅದರ ಒಡೆತನವನ್ನೂ ಲೆಕ್ಕಪತ್ರವನ್ನೂ ತಾವೇ ಇಟ್ಟುಕೊಂಡರೆ ಅದಕ್ಕೆ ಸಮುದಾಯ ಇಂಧನ ಎನ್ನುತ್ತಾರೆ. ಸೋಲಾರ್ ಫಲಕ ಇದ್ದ ಮಾತ್ರಕ್ಕೆ ಈ ಹೆಸರು ಸಲ್ಲುವುದಿಲ್ಲ. ಕಂಪನಿಯೊಂದು ಊರ ಪಕ್ಕದ ನೂರಾರು ಎಕರೆಯಲ್ಲಿ ಸೋಲಾರ್ ಪಾರ್ಕ್ ಮಾಡಿ, ಕರೆಂಟನ್ನು ದೂರದ ನಗರಕ್ಕೆ ಮಾರಿದರೆ ಅದು ನವೀಕರಿಸಬಹುದಾದ ಇಂಧನ ಹೌದು, ಸಮುದಾಯ ಇಂಧನ ಅಲ್ಲ. ಯೂನಿಟ್ಟಿಗೆ ಎಷ್ಟು ದರ, ಮೊದಲ ಲೈನು ಯಾವ ಕೇರಿಗೆ, ಉಳಿದ ದುಡ್ಡು ಯಾವುದಕ್ಕೆ? ಇದನ್ನೆಲ್ಲ ಯಾರು ತೀರ್ಮಾನ ಮಾಡುತ್ತಾರೆ ಎಂದು ಕೇಳಿದರೆ ಸಾಕು, ವಿಷಯ ಗೊತ್ತಾಗಿಬಿಡುತ್ತದೆ.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆಚೆ ಐಗ್ ಎಂಬ ಪುಟ್ಟ ದ್ವೀಪವಿದೆ. ಇರುವುದು ನೂರರ ಆಸುಪಾಸು ಜನ. 1997ರಲ್ಲಿ ಅವರು ಟ್ರಸ್ಟ್ ಕಟ್ಟಿಕೊಂಡು, ಹಣ ಕೂಡಿಸಿ, ದ್ವೀಪವನ್ನೇ ಅದರ ಮಾಲೀಕನಿಂದ ಕೊಂಡರು. ಆಗ ಮನೆಗಳಲ್ಲಿ ಡೀಸೆಲ್ ಜನರೇಟರ್ ಓಡುತ್ತಿತ್ತು. 2008ರ ಫೆಬ್ರವರಿಯಲ್ಲಿ ನೀರು, ಗಾಳಿ, ಬಿಸಿಲು ಮೂರನ್ನೂ ಬಳಸುವ ಸ್ವಂತ ಗ್ರಿಡ್, ಅಂದರೆ ವಿದ್ಯುತ್ ಜಾಲ, ಶುರುವಾಯಿತು. ಒಂದು ಮನೆ ಒಂದು ಸಲಕ್ಕೆ 5 ಕಿಲೋವ್ಯಾಟ್‌ಗಿಂತ ಜಾಸ್ತಿ ಎಳೆಯುವಂತಿಲ್ಲ. ವ್ಯಾಪಾರದ ಜಾಗಗಳಿಗೆ 10. ಯಾರ ಹತ್ತಿರ ಎಷ್ಟು ದುಡ್ಡಿದೆ ಅನ್ನುವುದಕ್ಕೂ ಈ ಮಿತಿಗೂ ಸಂಬಂಧವಿಲ್ಲ. ಸಮುದಾಯ ಇಂಧನ ನಡೆಯುವುದೇ ಹೀಗೆ, ಎಲ್ಲರೂ ಒಪ್ಪಿಕೊಂಡ ಒಂದು ಕಟ್ಟುಪಾಡಿನ ಮೇಲೆ.

ಆದರೆ ಐಗ್‌ನ ನೆಲ ಕೆಟ್ಟಿರಲಿಲ್ಲ, ನೀರು ಕೆಟ್ಟಿರಲಿಲ್ಲ. ಇಂಧನದ ಹೆಸರಿನಲ್ಲೇ ಹಾಳಾದ ಊರಿಗೆ ಈ ವಿಚಾರ ಬಂದರೆ ಏನಾಗುತ್ತದೆ? ಅದಕ್ಕೆ ನೈಜೀರಿಯಾದ ದಕ್ಷಿಣಕ್ಕೆ, ನೈಜರ್ ನದಿ ನೂರಾರು ಕವಲಾಗಿ ಸಮುದ್ರ ಸೇರುವ ನೈಜರ್ ಡೆಲ್ಟಾಕ್ಕೆ ಹೋಗಬೇಕು.

ಅಲ್ಲಿನ ಓಲೊಯಿಬಿರಿ ಎಂಬಲ್ಲಿ 1956ರಲ್ಲಿ ತೈಲ ಸಿಕ್ಕಿತು. 1958ರಲ್ಲಿ ರಫ್ತು ಶುರುವಾಯಿತು. ಆಮೇಲೆ ಡೆಲ್ಟಾದ ಹೊಳೆ, ಕಾಂಡ್ಲಾ ಕಾಡು, ಗದ್ದೆಗಳ ನಡುವೆ ಸಾವಿರಾರು ಕಿಲೋಮೀಟರ್ ಪೈಪು ಹರಡಿತು. ಎಣ್ಣೆಯ ಜೊತೆ ಮೇಲೆ ಬರುವ ಅನಿಲವನ್ನು ಹಿಡಿದಿಟ್ಟು ಬಳಸುವ ಬದಲು ಅಲ್ಲೇ ಸುಟ್ಟರು. ಇದನ್ನು ನಿಲ್ಲಿಸಬೇಕೆಂದು 1979ರಲ್ಲೇ ಕಾನೂನು ಬಂತು, 1984ರ ಗಡುವೂ ಇತ್ತು. 2005ರಲ್ಲಿ ನೈಜೀರಿಯಾದ ಬೆನಿನ್ ಸಿಟಿಯ ಫೆಡರಲ್ ಹೈಕೋರ್ಟ್, ಹೀಗೆ ಅನಿಲ ಸುಡುವುದು ಜನರ ಬದುಕುವ ಹಕ್ಕಿಗೇ ವಿರುದ್ಧ ಎಂದಿತು. ಇಷ್ಟಾದರೂ ಬೆಂಕಿ ನಿಂತಿಲ್ಲ. ಆ ಬೆಂಕಿಯ ಬೆಳಕು ಬೀಳುವ ಎಷ್ಟೋ ಹಳ್ಳಿಗಳ ಮನೆಗಳಲ್ಲಿ ಒಂದು ಬಲ್ಬ್ ಹತ್ತುವುದಿಲ್ಲ.

ಈ ಅನ್ಯಾಯವನ್ನು ಅಲ್ಲಿನವರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಡೆಲ್ಟಾದ ಓಗೊನಿ ಜನ 1990ರಲ್ಲಿ ಹೊರಡಿಸಿದ ಹಕ್ಕುಗಳ ಘೋಷಣೆ ಓದಿದರೆ ಮನಸ್ಸು ಕಲಕುತ್ತದೆ. ನಮ್ಮ ನೆಲದ ಎಣ್ಣೆಯಿಂದ ದೇಶಕ್ಕೆ ಬಂದದ್ದು ಸುಮಾರು 3,000 ಕೋಟಿ ಡಾಲರ್, ನಮಗೆ ಸಿಕ್ಕಿದ್ದು ಏನೂ ಇಲ್ಲ ಎಂದು ಹೇಳಿ, ಇಲ್ಲದ್ದರ ಪಟ್ಟಿ ಕೊಡುತ್ತದೆ. ನಲ್ಲಿ ನೀರಿಲ್ಲ, ಅದರ ಬೆನ್ನಿಗೇ ಕರೆಂಟಿಲ್ಲ. ಅಂದರೆ ವಿದ್ಯುತ್ತಿನ ಕೇಳಿಕೆಯೂ ನೆಲದ ಮೇಲಿನ ಹಕ್ಕಿನ ಕೇಳಿಕೆಯೂ ಅಲ್ಲಿ ಮೊದಲಿನಿಂದ ಒಂದೇ. ಹವಾಮಾನ ಬದಲಾವಣೆಯ ಚರ್ಚೆ ಬಂದಮೇಲೆ ಹುಟ್ಟಿದ ಆಸೆ ಇದಲ್ಲ. ಓಗೊನಿ ಜನರ ಚಳವಳಿಯ ಮುಂದಾಳು ಕೆನ್ ಸಾರೊ-ವೀವಾ ಮತ್ತು ಎಂಟು ಸಂಗಾತಿಗಳನ್ನು ಸೇನಾ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ಅವರಿಗೆ ನೈಜೀರಿಯಾದ ಅಧ್ಯಕ್ಷರಿಂದ ಕ್ಷಮಾದಾನ ಸಿಕ್ಕಿದ್ದು 2025ರ ಜೂನ್‌ನಲ್ಲಿ.

ಗ್ರಿಡ್ ಇಲ್ಲದ, ಇದ್ದರೂ ಕರೆಂಟ್ ಸರಿಯಾಗಿ ಬಾರದ ಮನೆಗಳು ಹೇಗೆ ನಡೆಯುತ್ತವೆ? ಪೆಟ್ರೋಲ್ ಜನರೇಟರಿನಿಂದ. ಎಲ್ಲಕ್ಕಿಂತ ಚಿಕ್ಕ ಜನರೇಟರಿಗೆ ಜನ ಇಟ್ಟಿರುವ ಹೆಸರು ‘ಐ ಬೆಟರ್ ಪಾಸ್ ಮೈ ನೇಬರ್’, ಪಕ್ಕದ ಮನೆಯವನಿಗಿಂತ ನಾನೇ ವಾಸಿ ಅಂತ. ಒಂದು ಫ್ಯಾನು, ಒಂದು ಟಿವಿ, ನಾಲ್ಕು ಬಲ್ಬು ನಡೆಸಬಹುದು. ಹೊಗೆ, ಸದ್ದು ಎರಡೂ ಮನೆಯೊಳಗೇ. 2023ರ ಮೇ ಕೊನೆಯಲ್ಲಿ ಸರ್ಕಾರ ಪೆಟ್ರೋಲ್ ಸಬ್ಸಿಡಿ ತೆಗೆದಾಗ ಬೆಲೆ ಏಕಾಏಕಿ ಎರಡು ಪಟ್ಟಿಗಿಂತ ಜಾಸ್ತಿ ಏರಿತು. ಎಣ್ಣೆ ಬಾವಿಯ ಪಕ್ಕದಲ್ಲಿದ್ದುಕೊಂಡು ಪೆಟ್ರೋಲಿಗೆ ಪರದಾಡುವುದು ಅಂದರೆ ಎಂಥ ಸಂಕಟ ಅಲ್ವಾ? ಇನ್ನು ಕೆಲವರು ಕಳ್ಳತನದ ಕಚ್ಚಾ ಎಣ್ಣೆಯನ್ನು ಕಾಡಿನೊಳಗೆ ಡ್ರಮ್ಮುಗಳಲ್ಲಿ ಕುದಿಸಿ ಡೀಸೆಲ್ ಇಳಿಸುತ್ತಾರೆ. 2022ರ ಏಪ್ರಿಲ್‌ನಲ್ಲಿ ಇಮೊ ರಾಜ್ಯದ ಇಂಥ ಒಂದು ಜಾಗ ಸ್ಫೋಟಗೊಂಡು ನೂರಕ್ಕೂ ಹೆಚ್ಚು ಜನ ಸತ್ತರು. ಇದನ್ನು ಬರೀ ಪೊಲೀಸರ ಸಮಸ್ಯೆ ಎಂದು ನೋಡುವುದು ತಪ್ಪು ಎಂದು ನನಗನಿಸುತ್ತದೆ. ಕೆಲಸವಿಲ್ಲ, ಮೀನಿಲ್ಲ, ಅಗ್ಗದ ಇಂಧನವೂ ಇಲ್ಲ ಎಂದಾಗ ಜನ ಹೋಗಿ ಸೇರುವ ಜಾಗ ಅದು.

ಇಲ್ಲೇ ಸೇವಾ ಸಂಸ್ಥೆಗಳ ಕೆಲಸ ಶುರುವಾಗುವುದು. ಅವುಗಳ ಮುಂದಾಳುಗಳು ಏನು ಮಾಡುತ್ತಾರೆ, ಏನು ಮಾಡಬಾರದು ಅನ್ನುವುದು ‘ಸಮುದಾಯ ಇಂಧನ’ ಎಂಬ ಪದದ ಅರ್ಥದೊಳಗೇ ಸೇರಿಕೊಂಡಿದೆ. ಡೆಲ್ಟಾದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ನಿಮ್ಮೊ ಬ್ಯಾಸಿ. 1993ರಲ್ಲಿ ಎನ್ವಿರಾನ್ಮೆಂಟಲ್ ರೈಟ್ಸ್ ಆಕ್ಷನ್ ಎಂಬ ಪರಿಸರ ಸಂಘಟನೆ ಕಟ್ಟಿದವರಲ್ಲಿ ಒಬ್ಬರು, 2010ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದವರು. ಈಗ ‘ಹೆಲ್ತ್ ಆಫ್ ಮದರ್ ಅರ್ತ್ ಫೌಂಡೇಶನ್’ ನಡೆಸುತ್ತಾರೆ. ಎಣ್ಣೆಯನ್ನು ನೆಲದೊಳಗೇ ಬಿಡಿ ಎಂಬುದು ಅವರ ಹಳೆಯ ಒತ್ತಾಯ. ಅದರ ಜೊತೆಗೇ ಅವರು ಹೇಳುವ ಇನ್ನೊಂದು ಮಾತಿದೆ: ಎಣ್ಣೆಯ ಬದಲು ಬಿಸಿಲು ಬಂದು, ಒಡೆತನ ಮಾತ್ರ ಅದೇ ದೊಡ್ಡ ಕೈಗಳಲ್ಲಿ ಉಳಿದರೆ ಹಳ್ಳಿಗೆ ಏನೂ ಬದಲಾಗುವುದಿಲ್ಲ. ಆದ್ದರಿಂದ ಇಂಧನ ಚಿಕ್ಕದಾಗಿರಲಿ, ಹಂಚಿಕೊಂಡಿರಲಿ, ಸಮುದಾಯದ ಹಿಡಿತದಲ್ಲಿರಲಿ ಎನ್ನುತ್ತಾರೆ.

ತೈಲ ಕಂಪನಿಯ ದುಡ್ಡಿನಿಂದ ನಡೆಯುವ ಸಂಸ್ಥೆಗಳೂ ಇವೆ. ಶೆವ್ರಾನ್ 2010ರಲ್ಲಿ ಹುಟ್ಟುಹಾಕಿದ ‘ಪಿಂಡ್’ ಫೌಂಡೇಶನ್ ಕರಾವಳಿ ಹಳ್ಳಿಗಳಿಗೆ ಸೋಲಾರ್ ತರುವ ಕೆಲಸಕ್ಕೂ ಕೈಹಾಕಿದೆ. ದೀಪ ಹತ್ತಿದ ಮನೆಗೆ ಅದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯಲಾರೆ. ಆದರೂ ಬಾವಿ ತೋಡಿದ ಕಂಪನಿಯೇ ದುಡ್ಡು ಕೊಟ್ಟಾಗ ಸೋರಿಕೆಯ ಬಗ್ಗೆ ಊರವರು ಗಟ್ಟಿಯಾಗಿ ಮಾತಾಡಬಲ್ಲರಾ ಎಂದು ಕೇಳಲೇಬೇಕು.

ಇನ್ನು ನಡೆಯುವ ಬಗೆ. ಹಳ್ಳಿಯ ಮಿನಿ ಗ್ರಿಡ್ ಅಂದರೆ ಒಂದಷ್ಟು ಸೋಲಾರ್ ಫಲಕ, ಬ್ಯಾಟರಿಗಳ ಕೋಣೆ, ಇನ್ವರ್ಟರ್, ಕಂಬ, ತಂತಿ, ಮನೆಮನೆಗೆ ಪ್ರೀಪೇಯ್ಡ್ ಮೀಟರ್. ನೈಜೀರಿಯಾದ ವಿದ್ಯುತ್ ನಿಯಂತ್ರಣ ಆಯೋಗ 2016ರಲ್ಲಿ ಇದಕ್ಕೆಂದೇ ನಿಯಮ ತಂದಿತು. 1 ಮೆಗಾವ್ಯಾಟ್ ಒಳಗಿನ ಗ್ರಿಡ್‌ಗಳಿಗೆ ಅದು ಅನ್ವಯವಾಗಿತ್ತು. ಅದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಅಂಶವಿತ್ತು. ಆಯೋಗದ ಲೆಕ್ಕದ ಸೂತ್ರದಿಂದ ದರ ಕಟ್ಟಬಹುದಿತ್ತು, ಇಲ್ಲವೇ ಊರಿನ ಗ್ರಾಹಕರಲ್ಲಿ ಶೇ 60 ಜನ ಒಪ್ಪಿ ಸಹಿ ಹಾಕಿದ ದರವನ್ನು ಇಡಬಹುದಿತ್ತು. ಕಾಗದದ ಮೇಲಾದರೂ ಊರಿನ ಮಾತಿಗೆ ಬೆಲೆ ಬಂತು.

ಆ ಸಹಿಯನ್ನು ತಿಳಿದು ಹಾಕುವಂತೆ ಮಾಡುವುದೇ ಒಳ್ಳೆಯ ಸಂಸ್ಥೆಯ ಕೆಲಸ. ಮಿನಿ ಗ್ರಿಡ್ ಕರೆಂಟು ಸರ್ಕಾರಿ ಗ್ರಿಡ್‌ಗಿಂತ ಹಲವು ಪಟ್ಟು ದುಬಾರಿ. ಪೆಟ್ರೋಲಿಗೆ ಹೋಲಿಸಿದರೆ ಗಿಟ್ಟಬಹುದು, ಆದರೂ ಬಡ ಮನೆಗೆ ಭಾರವೇ. ಕಡಿಮೆ ಮಾಡುವ ದಾರಿ ಒಂದಿದೆ. ಹಗಲು ಹೊತ್ತಿನ ಬಳಕೆ ಹೆಚ್ಚಿಸುವುದು. ಮರಗೆಣಸು ತುರಿಯುವ ಗಿರಣಿ, ಮೀನಿಗೆ ಐಸು, ವೆಲ್ಡಿಂಗ್ ಅಂಗಡಿ ಈ ಲೈನಿಗೆ ಬಂದರೆ ಗ್ರಿಡ್‌ನ ಖರ್ಚು ಹಂಚಿಹೋಗುತ್ತದೆ. ಮರಗೆಣಸು ತುರಿದು, ಹಿಂಡಿ, ಹುರಿದು ಗಾರಿ ಎಂಬ ತಿನಿಸು ಮಾಡುವುದು ಅಲ್ಲಿ ಬಹುಪಾಲು ಹೆಂಗಸರ ದುಡಿಮೆ. ಹಾಗಾಗಿ ಗಿರಣಿಗೆ ಯಾವ ಹೊತ್ತಲ್ಲಿ ಕರೆಂಟ್ ಬೇಕು ಎಂದು ಅವರನ್ನೇ ಕೇಳದೆ ಮಾಡಿದ ಯೋಜನೆ ಲೆಕ್ಕದಲ್ಲೇ ಸೋಲುತ್ತದೆ. ಬ್ಯಾಟರಿ ಬದಲಿಸುವ ಕಾಲ ಬಂದಾಗ ದುಡ್ಡೆಲ್ಲಿ ಎಂಬ ಪ್ರಶ್ನೆಗೂ ಮೊದಲ ದಿನವೇ ಉತ್ತರ ಇರಬೇಕು. ಉದ್ಘಾಟನೆಯಾಗಿ ಸ್ವಲ್ಪ ಕಾಲಕ್ಕೇ ಕೆಟ್ಟು, ಸುಮ್ನೆ ಕಂಬವಾಗಿ ನಿಂತ ಸೋಲಾರ್ ಬೀದಿ ದೀಪ ನಾವೆಲ್ಲ ನೋಡಿದ್ದೇವೆ.

ಈಕ್ವೆಡಾರಿನ ಅಮೆಜಾನ್ ಕಡೆ ಇದೇ ಕೆಲಸ ಇನ್ನೊಂದು ರೀತಿ ನಡೆದಿದೆ. ಅಲ್ಲಿ ಟೆಕ್ಸಾಕೋ ಕಂಪನಿ 1960ರ ದಶಕದಲ್ಲಿ ಬಂದು ಎಣ್ಣೆ ತೆಗೆದು ಹೊಂಡ ಹೊಂಡಗಳಲ್ಲಿ ತ್ಯಾಜ್ಯ ಬಿಟ್ಟಿತ್ತು. ಕೊಫಾನ್, ಸಿಯೊನಾ, ಸಿಯೆಕೊಪಾಯ್, ವಾವೊರಾನಿ ಎಂಬ ನಾಲ್ಕು ಮೂಲನಿವಾಸಿ ಜನಾಂಗಗಳು ಸೇರಿ ಕಟ್ಟಿದ ಸೈಬೊ ಒಕ್ಕೂಟದ ಕೆಲಸ ಶುರುವಾದದ್ದು ಮಳೆನೀರು ಹಿಡಿಯುವ ತೊಟ್ಟಿಯಿಂದ, ಸೋಲಾರ್ ಬಂದದ್ದು ಆಮೇಲೆ. ಮುಂದಾಳತ್ವವೂ ಆ ಜನರದ್ದೇ. ಕುಡಿಯುವ ನೀರು ಮೊದಲು, ದೀಪ ಆಮೇಲೆ ಎಂಬ ಆ ಕ್ರಮ ನನಗೆ ಸರಿ ಕಾಣುತ್ತದೆ.

ಏಕೆಂದರೆ ಸಮುದಾಯ ಇಂಧನ ಎಣ್ಣೆ ತೊಳೆಯುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ಓಗೊನಿ ನೆಲದ ವರದಿ ಕೊಟ್ಟಾಗ, ಒಂದು ಊರಿನ ಬಾವಿ ನೀರಿನಲ್ಲಿ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕದ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ಪೂರ್ತಿ ಶುಚಿಗೊಳಿಸಲು 25ರಿಂದ 30 ವರ್ಷ ಬೇಕು, ಶುರುವಿಗೇ 100 ಕೋಟಿ ಡಾಲರ್ ಬೇಕು ಎಂದಿತು. ಬೋಡೊ ಎಂಬಲ್ಲಿ 2008ರಲ್ಲಿ ಪೈಪ್ ಸೋರಿತು, ತೈಲ ಕಂಪನಿ ಶೆಲ್ 5.5 ಕೋಟಿ ಪೌಂಡ್ ಪರಿಹಾರಕ್ಕೆ ಒಪ್ಪಿದ್ದು 2015ರಲ್ಲಿ. ಈ ಲೆಕ್ಕ ಚುಕ್ತಾ ಆಗುವ ಮೊದಲು ಸೋಲಾರ್ ಕೊಟ್ಟು ಕೈತೊಳೆದುಕೊಳ್ಳಲು ಯಾರಿಗೂ ಬಿಡಬಾರದು.

ನಮಗೂ ಇದರಲ್ಲಿ ಪಾಲಿದೆ. ಒಂದು ದಶಕದ ಹಿಂದೆ ಅಮೆರಿಕವನ್ನು ಹಿಂದಿಕ್ಕಿ ನೈಜೀರಿಯಾದ ಕಚ್ಚಾ ತೈಲದ ಅತಿ ದೊಡ್ಡ ಗಿರಾಕಿ ಆಗಿದ್ದದ್ದು ಭಾರತ. ನಮ್ಮ ಗಾಡಿಗಳಲ್ಲಿ ಉರಿದದ್ದರಲ್ಲಿ ಆ ಹೊಳೆಗಳ ಎಣ್ಣೆಯೂ ಇತ್ತು.

ಈಗ ಡೆಲ್ಟಾದ ಊರುಗಳ ಮುಂದೆ ಎರಡು ಹೊಸ ಬಾಗಿಲುಗಳಿವೆ. 2021ರ ಪೆಟ್ರೋಲಿಯಂ ಕಾಯ್ದೆಯಂತೆ ತೈಲ ಕಂಪನಿ ತನ್ನ ಹಿಂದಿನ ವರ್ಷದ ನಿರ್ವಹಣಾ ವೆಚ್ಚದ ಶೇ 3ರಷ್ಟನ್ನು ಆಯಾ ಊರುಗಳ ಟ್ರಸ್ಟಿಗೆ ಕೊಡಬೇಕು. ಜನ ಕೇಳಿದ್ದು ಶೇ 10. 2023ರ ವಿದ್ಯುತ್ ಕಾಯ್ದೆಯಂತೆ ಪ್ರತಿ ರಾಜ್ಯವೂ ತನ್ನ ವಿದ್ಯುತ್ ವ್ಯವಸ್ಥೆಗೆ ತಾನೇ ನಿಯಮ ಮಾಡಬಹುದು. ದುಡ್ಡಿನ ದಾರಿ ಒಂದು ಕಾನೂನಿನಲ್ಲಿ, ಅನುಮತಿಯ ದಾರಿ ಇನ್ನೊಂದರಲ್ಲಿ. ಇವೆರಡನ್ನೂ ಒಟ್ಟಿಗೆ ಓದಿ, ಊರಿನ ಸಭೆಯಲ್ಲಿ ಅಲ್ಲಿನ ಮಾತಿನಲ್ಲೇ ಬಿಡಿಸಿ ಹೇಳಿ, ಟ್ರಸ್ಟಿನಲ್ಲಿ ಹೆಂಗಸರಿಗೂ ಮೀನುಗಾರರಿಗೂ ಕುರ್ಚಿ ಸಿಗುವಂತೆ ನೋಡಿಕೊಳ್ಳುವ ಕೆಲಸಕ್ಕೆ ಸಂಸ್ಥೆಗಳು ಇನ್ನೂ ಹೆಚ್ಚು ಜನರನ್ನು ಕಳಿಸಬೇಕಾಗಿದೆ.