ಹೊಸ ಕಾರಿನ ಟೈರ್ ಒಂದೂವರೆ ವರ್ಷಕ್ಕೇ ಸವೆಯಿತು. ಕಂಪನಿಯವರು ಅಗ್ಗದ ಟೈರ್ ಹಾಕಿ ಕೊಡ್ತಾರಾ?

ಓದುಗರ ಪ್ರಶ್ನೆ: ಕಲಬುರಗಿಯಿಂದ ಸೇಡಂಗೆ ದಿನಾ ಕಾರಿನಲ್ಲಿ ಹೋಗಿಬರುತ್ತೇನೆ. ಹೊಸ ಕಾರು, ಒಂದೂವರೆ ವರ್ಷಕ್ಕೆ 31 ಸಾವಿರ ಕಿ.ಮೀ. ಓಡಿದೆ. ಮುಂದಿನ ಎರಡೂ ಟೈರ್ ಬೋಳಾಗುತ್ತಾ ಬಂದಿವೆ, ಸದ್ದೂ ಜಾಸ್ತಿ. ಶೋರೂಮಿನವರು ಟೈರಿಗೂ ನಮಗೂ ಸಂಬಂಧವಿಲ್ಲ ಅಂತಾರೆ. ಹೊಸ ಗಾಡಿಗೆ ಬೇಕಂತಲೇ ಕಡಿಮೆ ದರ್ಜೆಯ ಟೈರ್ ಹಾಕಿರುತ್ತಾರಾ? ಈಗ ನಾನೇನು ಮಾಡಬೇಕು?

ಉತ್ತರ: ಕಾರು ಕೊಳ್ಳುವಾಗ ಬಣ್ಣ ನೋಡುತ್ತೇವೆ, ಸ್ಕ್ರೀನ್ ಎಷ್ಟು ದೊಡ್ಡದಿದೆ ನೋಡುತ್ತೇವೆ, ಮೈಲೇಜ್ ಕೇಳುತ್ತೇವೆ. ಟೈರ್ ಯಾವುದು ಅಂತ ಕೇಳುವವರು ಕಡಿಮೆ. ಶರಣಬಸವೇಶ್ವರ ಗುಡಿಯ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುವಾಗ ಒಂದು ಸಲ ಅದರ ಕಡೆ ಕಣ್ಣು ಹೋಗುತ್ತದೆ. ಆಮೇಲೆ ಕಣ್ಣು ಹೋಗುವುದು ಪಂಕ್ಚರ್ ಆದ ದಿನವೇ.

ನಿಮ್ಮ ಅನುಮಾನಕ್ಕೆ ನೇರ ಉತ್ತರ ಕೊಡುತ್ತೇನೆ. ಅದು ಕಳಪೆ ಟೈರ್ ಅಲ್ಲ. ಆದರೆ ಅದನ್ನು ಆರಿಸಿದವರ ತಲೆಯಲ್ಲಿ ನಿಮ್ಮ ಸೇಡಂ ರಸ್ತೆ ಇರಲಿಲ್ಲ.

ಹೊಸ ಮಾದರಿಯ ಕಾರು ತಯಾರಾಗುವಾಗಲೇ ಕಾರು ಕಂಪನಿ ಟೈರ್ ಕಂಪನಿಗೆ ತನ್ನ ಬೇಡಿಕೆ ಹೇಳುತ್ತದೆ. ಇಷ್ಟು ಭಾರ ಹೊರಬೇಕು, ಇಷ್ಟು ವೇಗ ತಾಳಬೇಕು, ಒಳಗೆ ಸದ್ದು ಕೇಳಬಾರದು, ಉರುಳುವಾಗ ಎಳೆತ ಕಡಿಮೆ ಇರಬೇಕು, ಬೆಲೆ ಇಷ್ಟರೊಳಗೆ ಬರಬೇಕು. ಎಳೆತ ಕಡಿಮೆಯಾದರೆ ಇಂಧನ ಉಳಿಯುತ್ತದೆ, ಜಾಹೀರಾತಿನಲ್ಲಿ ಮೈಲೇಜ್ ಚೆನ್ನಾಗಿ ಕಾಣುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಗಾಡಿ ಮೆತ್ತಗೆ ಹೋದರೆ ಗಿರಾಕಿ ಒಪ್ಪುತ್ತಾನೆ. ಆದರೆ ರಬ್ಬರಿನ ವಿಷಯದಲ್ಲಿ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಒದ್ದೆ ರಸ್ತೆಯ ಹಿಡಿತ, ಇಂಧನದ ಉಳಿತಾಯ, ಬಾಳಿಕೆ, ಈ ಮೂರರಲ್ಲಿ ಒಂದನ್ನು ಹೆಚ್ಚು ಮಾಡಲು ಹೋದರೆ ಇನ್ನೊಂದು ಕಡಿಮೆಯಾಗುವ ಸಂಭವ ಇದ್ದೇ ಇರುತ್ತದೆ. ಟೈರ್ ಅಂಗಡಿಯಲ್ಲಿ ಅದೇ ಹೆಸರಿನ ಟೈರ್ ಕೊಂಡರೂ, ಒಳಗಿನ ರಬ್ಬರಿನ ಮಿಶ್ರಣ ಕಾರಿನ ಜೊತೆ ಬಂದದ್ದರಂತೆಯೇ ಇರಬೇಕೆಂದಿಲ್ಲ. ದುಬಾರಿ ಕಾರುಗಳ ಟೈರಿನ ಮೇಲೆ ಇದಕ್ಕೊಂದು ಗುರುತೇ ಇರುತ್ತದೆ. ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ ಅಕ್ಷರ. ನಮ್ಮ ನಿಮ್ಮಂಥವರ ಗಾಡಿಯಲ್ಲಿ ಸಾಮಾನ್ಯವಾಗಿ ಅದೂ ಇರುವುದಿಲ್ಲ.

"ಆದರೆ ಸಮೀಕ್ಷೆಗಳಲ್ಲಿ ಗ್ರಾಹಕರು ಖುಷಿಯಾಗಿದ್ದಾರೆ ಅಂತ ಬರುತ್ತಲ್ಲ?" ಅಂತ ನೀವು ಕೇಳಬಹುದು. ಹೊಸ ಗಾಡಿಯ ಟೈರ್ ಬಗ್ಗೆ ಜೆ.ಡಿ. ಪವರ್ ಸಂಸ್ಥೆ ಭಾರತದಲ್ಲಿ ನಡೆಸಿದ ಸಮೀಕ್ಷೆಗಳು ಹೆಸರುವಾಸಿ. ಅವು ಕೇಳುವುದು ಗಾಡಿ ಕೊಂಡು 12ರಿಂದ 24 ತಿಂಗಳಾದವರನ್ನು. ನೋಡುವುದು ನಾಲ್ಕು ಸಂಗತಿ: ನೋಟ, ಬಾಳಿಕೆ, ರಸ್ತೆಯ ಹಿಡಿತ ಮತ್ತು ಸವಾರಿಯ ಸುಖ. ಒಳ್ಳೆಯದೇ. ಆದರೆ ವಾರಕ್ಕೊಮ್ಮೆ ಸೂಪರ್ ಮಾರ್ಕೆಟ್‌ಗೆ ಹೋಗಿಬರುವವರ ಗಾಡಿ ಆ ಹೊತ್ತಿಗೆ ಹತ್ತು ಸಾವಿರ ಕಿ.ಮೀ. ಕೂಡ ಓಡಿರುವುದಿಲ್ಲ. ಅವರಿಗೆ ಟೈರ್ ಬಾಳಿಕೆ ಬಗ್ಗೆ ಏನು ದೂರು ಇರುತ್ತದೆ? ನಿಮ್ಮ ಗಾಡಿ ಅಷ್ಟರಲ್ಲಿ ಮೂರು ಪಟ್ಟು ಓಡಿದೆ. ಇಬ್ಬರ ಲೆಕ್ಕವೂ ತಿಂಗಳಿನದೇ, ಟೈರಿನ ಲೆಕ್ಕ ಮಾತ್ರ ಕಿಲೋಮೀಟರಿನದು. ಕಾರಿನ ಟೈರ್ ಸಾಧಾರಣ 40–50 ಸಾವಿರ ಕಿ.ಮೀ. ಬರಬೇಕು ಅನ್ನುವುದು ರೂಢಿ. ಹಾಗೆ ನೋಡಿದರೆ 31 ಸಾವಿರ ಸ್ವಲ್ಪ ಬೇಗವೇ. ತೀರಾ ಬೇಗ ಅಂತೇನಲ್ಲ.

ಈಗ ಬೈಯುವ ಮೊದಲು ಒಂದು ಕೆಲಸ ಮಾಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟೈರನ್ನು ಅಡ್ಡಕ್ಕೆ ಕೈಯಾಡಿಸಿ ನೋಡಿ. ಎಲ್ಲಿ ಸವೆದಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ನಡುಭಾಗ ಮಾತ್ರ ಸವೆದಿದ್ದರೆ ಹವಾ ಜಾಸ್ತಿ ಇಟ್ಟು ಓಡಿಸಿದ್ದೀರಿ. ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆ ಇತ್ತು. ಒಂದೇ ಅಂಚು ಹೋಗಿದ್ದರೆ ಗಾಲಿ ನಿಲ್ಲುವ ಕೋನ, ಅಂದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ನೀವು ಹೇಳುವ ಸದ್ದಿಗೂ ಹಲವು ಸಲ ಇದೇ ಕಾರಣ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಮಾತ್ರ ಟೈರಿನ ರಬ್ಬರನ್ನು ಅನುಮಾನಿಸಬಹುದು.

ನನ್ನದೇ ಕತೆ ಕೇಳಿ. ನಾನೂ ನಿಮ್ಮಂತೆಯೇ ಟೈರ್ ಕಂಪನಿಗೆ ಬೈದುಕೊಂಡು ರಿಂಗ್ ರೋಡಿನ ಒಂದು ಪಂಕ್ಚರ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಕಾಕಾ ಟೈರಿನ ಒಳ ಅಂಚಿಗೆ ಬೆರಳಿಟ್ಟು, "ಟೈರ್‌ದಾಗ ಏನ್ ತಪ್ಪಿಲ್ರಿ ಸರ್, ಗಾಡಿ ಒಂದ್ಕಡಿ ಎಳಿಲಾಕತ್ತದ. ಎಲ್ಲಿ ತಗ್ಗಿನ್ಯಾಗ ಹಾಕೀರಿ?" ಅಂದರು. ಜೇವರ್ಗಿ ರಸ್ತೆಯಲ್ಲಿ ರಾತ್ರಿ ಹೊತ್ತು ಒಂದು ತಗ್ಗಿಗೆ ಹಾಕಿದ್ದು ಆಗ ನೆನಪಾಯಿತು. ಅದಾದ ಎರಡು ತಿಂಗಳಿಗೆ ಸರ್ವಿಸ್ ಮಾಡಿಸಿದ್ದೆ. ಬಿಲ್ಲಿನಲ್ಲಿ ಅಲೈನ್‌ಮೆಂಟ್‌ಗೆ ದುಡ್ಡು ಹಿಡಿದಿದ್ದರು. ಕೆಲಸ ಮಾಡಿದ್ದಕ್ಕೆ ಗುರುತೇ ಇರಲಿಲ್ಲ. ಆಗಿನಿಂದ ಅಲೈನ್‌ಮೆಂಟ್ ಯಂತ್ರದ ಪ್ರಿಂಟ್ ತೆಗೆದುಕೊಳ್ಳದೆ ದುಡ್ಡು ಕೊಡುವುದಿಲ್ಲ. ಮೊದಲಿನ ಅಳತೆ, ಸರಿಮಾಡಿದ ಮೇಲಿನ ಅಳತೆ, ಎರಡೂ ಅದರಲ್ಲಿ ಇರುತ್ತವೆ.

ನಿಮ್ಮ ದಾರಿಯೂ ಸುಲಭದ್ದಲ್ಲ. ಒಂದು ಕಾಲದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ಈಗ ಸಿಮೆಂಟ್ ಲಾರಿಗಳ ಊರು. ಲಾರಿಯ ಭಾರಕ್ಕೆ ರಸ್ತೆ ಕುಗ್ಗುತ್ತದೆ, ಕೆಳಗೆ ಎರೆ ಮಣ್ಣಿದ್ದ ಕಡೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಶಹಾಬಾದ್ ಕಡೆ ತಿರುಗಿದರೆ ಚಪ್ಪಡಿ ಕಲ್ಲಿನ ಚೂರು, ಹೊಲದ ದಾರಿಗೆ ಇಳಿದರೆ ಜಾಲಿ ಮುಳ್ಳು ಮತ್ತು ತೊಗರಿಯ ಚೂಪು ಕೂಳೆ. ಟೈರಿನ ಪಕ್ಕಕ್ಕೆ ಚುಚ್ಚಿದರೆ ಅದಕ್ಕೆ ಪಂಕ್ಚರ್ ಹಾಕಿಸಿ ಓಡಿಸುವುದು ಅಪಾಯ. ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡರೆ ಒಳಗಿನ ನೂಲು ಹರಿದಿದೆ ಅಂತ ಅರ್ಥ. ಅದನ್ನು ಅವತ್ತೇ ಬದಲಿಸಬೇಕು.

ಆದರೆ ನಮ್ಮ ಕಡೆ ಟೈರ್ ತಿನ್ನುವುದರಲ್ಲಿ ತಗ್ಗಿಗಿಂತ ಹವಾದ ಲೆಕ್ಕ ತಪ್ಪುವುದೇ ಹೆಚ್ಚು ಅಂತ ನನಗೆ ಅನಿಸಿದೆ. "ಬ್ಯಾಸಿಗ್ಯಾಗ ಹವಾ ಕಡಿಮಿ ಇಡ್ರಿ, ಇಲ್ಲಾಂದ್ರ ಟೈರ್ ಒಡಿತದ" ಅನ್ನುವ ಮಾತು ಬೀದರಿನಿಂದ ಯಾದಗಿರಿವರೆಗೆ ಕೇಳಿದ್ದೇನೆ. ಇದು ತಲೆಕೆಳಗಾದ ಬುದ್ಧಿವಾದ. ಹೇಗೆ ಅಂತ ನೋಡಿ. ಏಪ್ರಿಲ್ ತಿಂಗಳ ಬೆಳಗ್ಗೆ 25 ಡಿಗ್ರಿಯಲ್ಲಿ 33 ಪಿಎಸ್ಐ (ಹವಾದ ಒತ್ತಡ ಅಳೆಯುವ ಮಾನ) ಹವಾ ಇದೆ ಅನ್ನಿ. ಮಧ್ಯಾಹ್ನ 42 ಡಿಗ್ರಿಗೆ ಏರಿದಾಗ, ಗಾಡಿ ಸುಮ್ನೆ ನಿಂತಿದ್ದರೂ ಅದು ಹತ್ತಿರ ಹತ್ತಿರ 36 ಆಗುತ್ತದೆ. ಓಡಿದರೆ ಇನ್ನೂ ಏರುತ್ತದೆ. ಕಂಪನಿ 33 ಅಂತ ಬರೆಯುವಾಗ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಬರೆದಿರುತ್ತದೆ. ನೀವು ಮಧ್ಯಾಹ್ನ ಪೆಟ್ರೋಲ್ ಬಂಕಿಗೆ ಹೋಗುತ್ತೀರಿ. ಹುಡುಗ ಮೀಟರ್ ನೋಡಿ, "ಜಾಸ್ತಿ ಅದ ಸರ್" ಅಂತ 33ಕ್ಕೆ ಇಳಿಸುತ್ತಾನೆ. ಮರುದಿನ ಬೆಳಗ್ಗೆ ಟೈರ್ ತಣ್ಣಗಾದಾಗ ಅದರಲ್ಲಿ ಉಳಿದದ್ದು 30. ಹವಾ ಕಡಿಮೆಯಾದ ಟೈರಿನ ಪಕ್ಕ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವಾ, ಹಾಗೆ. ಆ ಬಿಸಿಯೇ ಕೊನೆಗೆ ಟೈರ್ ಒಡೆಯುತ್ತದೆ. ಐದು ಜನ, ಡಿಕ್ಕಿ ತುಂಬಾ ಸಾಮಾನು, ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿ, ನೂರರ ವೇಗ. ಅಲ್ಲಿ ಒಡೆದಾಗ ನಾವು ಬಿಸಿಲಿಗೆ ಬೈಯುತ್ತೇವೆ.

ಡ್ರೈವರ್ ಬಾಗಿಲು ತೆಗೆದರೆ ಒಳಗಿನ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಇಬ್ಬರಿದ್ದಾಗ ಎಷ್ಟು, ಪೂರ್ತಿ ಲೋಡ್ ಇದ್ದಾಗ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಬೆಳಗ್ಗೆ, ಗಾಡಿ ಓಡುವ ಮೊದಲು ನೋಡಿದ ಅಳತೆಗೆ ಮಾತ್ರ ಅದು ಹೊಂದುತ್ತದೆ. ನಾನು ಸಣ್ಣ ಮೀಟರ್ ಒಂದನ್ನು ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ. ನೈಟ್ರೋಜನ್ ತುಂಬಿಸಲೇ ಅಂತ ಕೆಲವರು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಪುಕ್ಕಟೆ ಸಿಕ್ಕರೆ ಹಾಕಿಸಿ.

ಇನ್ನು ವಾರಂಟಿ. ಶೋರೂಮಿನವರು ಹೇಳಿದ್ದು ಒರಟಾದರೂ ಪೂರ್ತಿ ಸುಳ್ಳಲ್ಲ. ಕಾರಿನ ವಾರಂಟಿ ಪುಸ್ತಕದಲ್ಲಿ ಸಾಮಾನ್ಯವಾಗಿ ಟೈರ್ ಹೊರಗಿರುತ್ತದೆ, ಅದರ ಹೊಣೆ ಟೈರ್ ಕಂಪನಿಯದು. ಹಾಗಾಗಿ ಆ ಕಂಪನಿಯ ಅಧಿಕೃತ ಟೈರ್ ಅಂಗಡಿಗೆ ಆರ್‌ಸಿ ಮತ್ತು ಕಾರಿನ ಬಿಲ್ ಹಿಡಿದು ಹೋಗಿ. ಕಂಪನಿಯ ಇಂಜಿನಿಯರ್ ನೋಡುತ್ತಾರೆ. ತಯಾರಿಕೆಯ ದೋಷವಿದ್ದರೆ ಪರಿಹಾರ ಸಿಗುತ್ತದೆ, ತಗ್ಗಿಗೆ ಬಿದ್ದು ಹರಿದದ್ದಕ್ಕೆ ಇಲ್ಲ. ಪರಿಹಾರವೂ ಹೆಚ್ಚಾಗಿ ಉಳಿದ ಗ್ರಿಪ್‌ನ ಲೆಕ್ಕದಲ್ಲೇ. ಗ್ರಿಪ್ ಅಂದರೆ ಟೈರಿನ ಮೈಮೇಲಿನ ಕಾಲುವೆಗಳ ಆಳ. ಹೊಸದರಲ್ಲಿ ಅದು 8 ಮಿ.ಮೀ. ಇತ್ತು ಅನ್ನಿ. ಕೊನೆಯ 1.6 ಮಿ.ಮೀ. ಬಳಸುವಂತಿಲ್ಲ. ಉಳಿದ 6.4ರಲ್ಲಿ 3.2 ಇನ್ನೂ ಇದ್ದರೆ, ಅರ್ಧ ಬೆಲೆ ಅವರದು, ಅರ್ಧ ನಿಮ್ಮದು. ನಿಮ್ಮ ಟೈರ್ ಬೋಳಾಗಿದೆ ಅಂತೀರಿ, ಹಾಗಿದ್ದರೆ ದೋಷ ಸಿಕ್ಕರೂ ಕೈಗೆ ಬರುವುದು ಬಿಡಿಗಾಸು. ಈ ಮಾತು ನಿಮಗಿಂತ ಈಗಷ್ಟೇ ಕಾರು ಕೊಂಡವರಿಗೆ ಹೆಚ್ಚು ಉಪಯೋಗ: ದೂರು ಇದ್ದರೆ ಗ್ರಿಪ್ ಇರುವಾಗಲೇ ಹೋಗಿ. ವಿಮೆಯವರೂ ಬರೀ ಟೈರ್ ಒಡೆದರೆ ಕೊಡುವುದಿಲ್ಲ. ಅದೇ ಅಪಘಾತದಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಮಾಮೂಲಿ ಪಾಲಿಸಿಯಲ್ಲಿ ಟೈರಿನ ಅರ್ಧ ಬೆಲೆ.

ಗ್ರಿಪ್‌ನ ಕಾಲುವೆಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಕಾಣುತ್ತದೆ. ಸವೆತ ಅದರ ಮಟ್ಟಕ್ಕೆ ಬಂದರೆ 1.6 ಮಿ.ಮೀ. ಮುಟ್ಟಿತು ಅಂತ ಲೆಕ್ಕ. ನಿಮ್ಮದು ಅಲ್ಲಿಗೆ ಬಂದಿದ್ದರೆ ಮಳೆಗಾಲಕ್ಕೆ ಕಾಯಬೇಡಿ. ಹೊಸದು ಕೊಳ್ಳುವಾಗ ಪಕ್ಕದಲ್ಲಿ ಬರೆದ ಅಂಕಿ ಹೋಲಿಸಿ. 185/65 ಆರ್15 88ಎಚ್ ಅಂತಿದ್ದರೆ 88 ಅಂದರೆ ಒಂದು ಟೈರ್ 560 ಕಿಲೋ ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿ.ಮೀ. ತಾಳುತ್ತದೆ. ಇವೆರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು. ತಯಾರಾದ ವಾರವೂ ಅಲ್ಲೇ ಇದೆ: 2324 ಅಂದರೆ 2024ರ 23ನೇ ವಾರ. ಗೋದಾಮಿನಲ್ಲಿ ಮೂರು ಬೇಸಿಗೆ ಕಳೆದ ಟೈರನ್ನು "ಹೊಸಾದು" ಅಂತ ಕೊಟ್ಟರೆ ಬೇಡ ಅನ್ನಿ. ಅಂಗಡಿಯವರಿಗೆ "ಸಿಮೆಂಟ್ ಲಾರಿ ದಾರಿ, ದಿನಾ ಓಡಾಟ, ಬಾಳಿಕೆ ಬೇಕು, ಸ್ವಲ್ಪ ಸದ್ದಿದ್ದರೂ ಪರವಾಗಿಲ್ಲ" ಅಂತ ಬಿಡಿಸಿ ಹೇಳಿ. ಮೈಲೇಜ್ ಒಂಚೂರು ಇಳಿದೀತು.

ಎರಡೇ ಟೈರ್ ಹಾಕಿಸುವುದಾದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ, ಹಿಂದಿನವು ಚೆನ್ನಾಗಿದ್ದರೆ ಅವನ್ನು ಮುಂದಕ್ಕೆ ತನ್ನಿ. ಅಂಗಡಿಯವರು ಉಲ್ಟಾ ಹೇಳಬಹುದು. ಒದ್ದೆ ರಸ್ತೆಯಲ್ಲಿ ಮುಂದಿನ ಟೈರ್ ಜಾರಿದರೆ ವೇಗ ಇಳಿಸಿ ಗಾಡಿ ಹಿಡಿತಕ್ಕೆ ತರಬಹುದು, ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ. ಆಮೇಲೆ ಪ್ರತಿ 8–10 ಸಾವಿರ ಕಿ.ಮೀ.ಗೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಬದಲಿಸುತ್ತಾ ಇರಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಎಳೆಯುವುದೂ ಮುಂದಿನ ಗಾಲಿಯಿಂದ, ತಿರುಗುವುದೂ ಅದರಿಂದಲೇ, ಬ್ರೇಕಿನ ಹೊರೆ ಜಾಸ್ತಿ ಬೀಳುವುದೂ ಅದರ ಮೇಲೆಯೇ. 31 ಸಾವಿರ ಕಿ.ಮೀ.ವರೆಗೆ ನೀವು ಅವನ್ನು ಒಂದು ಸಲವೂ ಬದಲಿಸಿರಲಿಕ್ಕಿಲ್ಲ, ಅಲ್ವಾ?