ದಸರಾ ‘ಪಾಂಪಸ್’ ಆಗಿ ನಡೆಯಿತು ಅನ್ನಬಹುದಾ?

ಪ್ರಶ್ನೆ: ದಸರಾ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವಾಗ ಜಂಬೂಸವಾರಿಯನ್ನು ‘ಪಾಂಪಸ್ ಪ್ರೊಸೆಷನ್’ ಅಂತ ಬರೆದಿದ್ದೆ. ನಮ್ಮ ಮೇಷ್ಟ್ರು ಕೆಂಪು ಇಂಕಿನಲ್ಲಿ ಹೊಡೆದು ಹಾಕಿದರು. ದಸರಾ ‘ವಿತ್ ಪಾಂಪ್’ ನಡೆಯಿತು ಅಂತ ಪೇಪರಿನಲ್ಲೇ ಬರುತ್ತದಲ್ಲ? ಪಾಂಪ್ ಸರಿಯಾದರೆ ಪಾಂಪಸ್ ಹೇಗೆ ತಪ್ಪು?
– ಪಿಯುಸಿ ವಿದ್ಯಾರ್ಥಿನಿ, ಮಂಡ್ಯ

ಮೇಷ್ಟ್ರು ಹೊಡೆದು ಹಾಕಿದ್ದು ಸರಿಯಾಗಿಯೇ ಇದೆ. ‘ಪಾಂಪ್’ ಅಂದರೆ ವೈಭವ. ‘ಪಾಂಪಸ್’ ಅನ್ನುವುದು ಈಗಿನ ಇಂಗ್ಲಿಷಿನಲ್ಲಿ ತಾನು ದೊಡ್ಡ ಮನುಷ್ಯ ಅಂದುಕೊಂಡು, ಅದು ಎಲ್ಲರಿಗೂ ಗೊತ್ತಾಗಲೇಬೇಕು ಅನ್ನುವ ಬಿಗುಮಾನದಲ್ಲಿ ಮಾತಾಡುವವರಿಗೆ, ನಡೆದುಕೊಳ್ಳುವವರಿಗೆ ಹೇಳುವ ಮಾತು. ಅದರಲ್ಲಿ ಮೆಚ್ಚುಗೆ ಸ್ವಲ್ಪವೂ ಇಲ್ಲ. ನೀವು ಹೊಗಳಲು ಹೋಗಿದ್ದೀರಿ, ಓದಿದವರಿಗೆ ಬೈದ ಹಾಗೆ ಕೇಳಿಸಿದೆ.

ಹಾಗಂತ ನಿಮ್ಮ ಊಹೆ ಹುರುಳಿಲ್ಲದ್ದಲ್ಲ. ಎರಡೂ ಪದ ಒಂದೇ ಬೇರಿನವು, ಆ ಬೇರಿನ ಅರ್ಥ ಮೆರವಣಿಗೆ! ಗ್ರೀಕರ ‘ಪೊಂಪೆ’ ಲ್ಯಾಟಿನ್ನಿಗೆ ಬಂದು ‘ಪೊಂಪಾ’ ಆಯಿತು. ರೋಮ್ ನಗರದಲ್ಲಿ ರಥದ ಓಟದಂಥ ದೊಡ್ಡ ಆಟಗಳು ಶುರುವಾಗುವ ಮೊದಲು ದೇವರ ಮೂರ್ತಿಗಳನ್ನು ಹೊತ್ತು ಬೀದಿಯಲ್ಲಿ ಸಾಗುತ್ತಿದ್ದರು. ಅದಕ್ಕೆ ಅವರು ಹೇಳುತ್ತಿದ್ದದ್ದೂ ಇದೇ ಪದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ದಸರಾ ಆಮೇಲೆ ಮೈಸೂರಿಗೆ ಬಂತು. ಹಿಂದೆ ಮಹಾರಾಜರು ಕೂರುತ್ತಿದ್ದ 750 ಕಿಲೋ ತೂಕದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ಸಾಗುತ್ತದೆ. ‘ಪಾಂಪ್’ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

‘ಪಾಂಪಸ್’ ಇಂಗ್ಲಿಷಿಗೆ ಬಂದು ಆರು ಶತಮಾನ ಕಳೆದಿದೆ. ವೈಭವದ ಸಮಾರಂಭಕ್ಕೂ ಒಂದು ಕಾಲದಲ್ಲಿ ಅದನ್ನು ಹೇಳುತ್ತಿದ್ದರು. ದೊಡ್ಡ ನಿಘಂಟುಗಳಲ್ಲಿ ಆ ಅರ್ಥ ಈಗಲೂ ಸಿಗುತ್ತದೆ, ಪಕ್ಕದಲ್ಲಿ ‘ಹಳೆಯ ಬಳಕೆ’ ಅನ್ನುವ ಗುರುತಿನ ಜೊತೆಗೆ. ಬರಬರುತ್ತಾ ಆ ಪದ ಮನುಷ್ಯರ ಬಿಗುಮಾನಕ್ಕೇ ಅಂಟಿಕೊಂಡಿತು. ‘ಪಾಂಪ್’ ಮಾತ್ರ ಹಬ್ಬದ ಕಡೆಯೇ ಉಳಿಯಿತು.

ಇದು ವಿಚಿತ್ರ ಅನ್ನಿಸಿದರೆ ಕನ್ನಡವನ್ನೇ ನೋಡಿ. ಮೆರವಣಿಗೆ ಬಂದಿರುವುದು ‘ಮೆರೆ’ ಅನ್ನುವುದರಿಂದ. ಉತ್ಸವಮೂರ್ತಿ ಮೆರೆಯಿತು ಅಂದರೆ ಕೈ ಮುಗಿಯುತ್ತೇವೆ. ಅದೇ ಮಂಡ್ಯದ ಹಳ್ಳಿಯ ಜಗಲಿಯಲ್ಲಿ ಕೂತವರು ‘ಏನ್ಲಾ ಅವ್ನು, ಮೆಂಬರ್ ಆಗ್ತಿದ್ದಂಗೇ ಹಿಂಗ್ ಮೆರೀತಾವ್ನೆ’ ಅಂದರೆ ಅದು ಕೈ ಮುಗಿಯುವ ಮಾತಲ್ಲ. ಇಂಗ್ಲಿಷಿನಲ್ಲಿ ಒಂದೇ ಬೇರಿನ ಎರಡು ಪದಗಳು ಬೇರೆ ಬೇರೆ ದಾರಿ ಹಿಡಿದವು, ಕನ್ನಡದಲ್ಲಿ ಒಂದೇ ಪದ ಎರಡು ಕೆಲಸ ಮಾಡುತ್ತಿದೆ. ಮಂಡ್ಯದ ‘ಮೆರೀತಾವ್ನೆ’ ಗೊತ್ತಿದ್ದರೆ ಪಾಂಪಸ್ ಪದದ ಅರ್ಧ ಅರ್ಥ ಗೊತ್ತಿದ್ದ ಹಾಗೆ.

ಉಳಿದರ್ಧ ಮಾತಿನ ಧಾಟಿಯಲ್ಲಿದೆ. ಶಾಲೆಯ ವಾರ್ಷಿಕೋತ್ಸವ ಅಂದುಕೊಳ್ಳಿ. ಶಾಮಿಯಾನದ ಕೆಳಗೆ ಮಕ್ಕಳು ಡ್ಯಾನ್ಸ್ ಡ್ರೆಸ್ ಹಾಕಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಕಾಯುತ್ತಿವೆ. ಅತಿಥಿ ಮೈಕ್ ಹಿಡಿದು ಗಂಟಲು ಸರಿ ಮಾಡಿಕೊಳ್ಳುತ್ತಾರೆ. ‘ಸಾಮಾನ್ಯವಾಗಿ ನಾನು ಇಂಥ ಸಣ್ಣಪುಟ್ಟ ಕಾರ್ಯಕ್ರಮಗಳನ್ನು ಒಪ್ಪಿಕೊಳ್ಳುವುದಿಲ್ಲ. ಆದರೂ ನನ್ನ ಅಮೂಲ್ಯ ಸಮಯದಲ್ಲಿ ಬಿಡುವು ಮಾಡಿಕೊಂಡು ತಮ್ಮ ಮುಂದೆ ಆಗಮಿಸಿದ್ದೇನೆ’ ಅನ್ನುತ್ತಾರೆ. ಬಂದಿದ್ದೇನೆ ಅನ್ನುವುದಿಲ್ಲ, ಆಗಮಿಸಿದ್ದೇನೆ! ಆಮೇಲೆ ತಾವು ಅಲಂಕರಿಸಿದ ಹುದ್ದೆಗಳು ಒಂದೊಂದಾಗಿ ಬರುತ್ತವೆ. ಮಕ್ಕಳ ಮುಖದ ಬಣ್ಣ ಬೆವರಿಗೆ ಇಳಿಯುತ್ತಿರುತ್ತದೆ. ಅವರು ಯಾರನ್ನೂ ಬೈದಿಲ್ಲ, ಸುಳ್ಳೂ ಹೇಳಿಲ್ಲ. ಆದರೂ ಅವರು ಪಾಂಪಸ್, ಅವರ ಭಾಷಣವೂ ಪಾಂಪಸ್. ಸಂದರ್ಭ ಚಿಕ್ಕದು, ಗತ್ತು ದೊಡ್ಡದು. ಈ ಹೊಂದಿಕೆಯಾಗದ ಗತ್ತೇ ಆ ಪದದ ಜೀವ.

ಅದಕ್ಕೇ ಪಾಂಪಸ್ ಅಂದರೆ ‘ಜಂಬ’ ಅಂತ ಬರೆದುಕೊಂಡು ಮುಗಿಸಬೇಡಿ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರು ‘ಬೆಲ್ಲದ ಪಾಕ ನೋಡೋದ್ರಲ್ಲಿ ನನ್ನ ಬಿಟ್ರೆ ಇನ್ನೊಬ್ಬ ಇಲ್ಲ’ ಅಂದರೆ ಅದು ಜಂಬ ಇರಬಹುದು, ಪಾಂಪಸ್ ಖಂಡಿತ ಅಲ್ಲ. ನೇರವಾಗಿ, ಖುಷಿಯಾಗಿ ಹೇಳಿಕೊಂಡ ಮಾತು ಅದು. ‘ಅರೊಗೆಂಟ್’ ಇನ್ನೂ ಬೇರೆ. ಅಲ್ಲಿ ಎದುರಿನವರನ್ನು ತುಳಿಯುವ ಅಹಂಕಾರವಿದೆ. ಪಾಂಪಸ್ ಮನುಷ್ಯ ನಿಮ್ಮನ್ನು ತುಳಿಯಲೇಬೇಕು ಅಂತಿಲ್ಲ, ತನ್ನ ಗಾಂಭೀರ್ಯದಲ್ಲೇ ಮುಳುಗಿರುತ್ತಾನೆ. ‘ಅಫಿಷಿಯಸ್’ ಅನ್ನುವ ಪದವೂ ಇದೆ. ಕೈಯಲ್ಲಿರುವ ಚೂರು ಅಧಿಕಾರವನ್ನು ಹಿಡಿದುಕೊಂಡು ಬೇಕಿಲ್ಲದ ಕಡೆಯೂ ಅಪ್ಪಣೆ ಕೊಡುತ್ತಾ ತಲೆ ಹಾಕುವವರಿಗೆ ಅದು. ‘ಆಫೀಸಿಗೆ ಸಂಬಂಧಿಸಿದ’ ಅಂತ ತಿಳಿದು ಪತ್ರದಲ್ಲಿ ಬರೆದುಬಿಟ್ಟೀರಿ, ಹುಷಾರು! ‘ಬಾಂಬ್ಯಾಸ್ಟಿಕ್’ ಹೆಚ್ಚಾಗಿ ಭಾಷೆಗೆ ಹೇಳುವಂಥದ್ದು. ‘ಬಾಂಬ್ಯಾಸ್ಟ್’ ಅಂದರೆ ಹಿಂದೆ ಬಟ್ಟೆ ಉಬ್ಬಿ ಕಾಣಲಿ ಅಂತ ಒಳಗೆ ತುಂಬುತ್ತಿದ್ದ ಹತ್ತಿ. ಅರ್ಥಕ್ಕಿಂತ ಉಬ್ಬರವೇ ಜಾಸ್ತಿ ಇರುವ ಮಾತಿಗೆ ಆ ಹೆಸರು ಉಳಿಯಿತು.

ಪಾಂಪಸ್ ಅನ್ನು ವ್ಯಕ್ತಿಗೆ, ಮಾತಿಗೆ, ಪತ್ರಕ್ಕೆ, ಧ್ವನಿಗೆ ಹೇಳಬಹುದು. ಊಟಕ್ಕೋ, ಸೀರೆಗೋ, ಮದುವೆಮನೆ ಅಲಂಕಾರಕ್ಕೋ ಹೇಳಬೇಡಿ. ಮದುವೆ ಜೋರಾಗಿ ನಡೆಯಿತು ಅನ್ನಲು ‘ಗ್ರ್ಯಾಂಡ್’ ಸಾಕು, ನಾವು ಕನ್ನಡದಲ್ಲೂ ಅದನ್ನೇ ಹೇಳುತ್ತೇವಲ್ಲ. ಜಂಬೂಸವಾರಿಗೆ ‘ಮೆಜೆಸ್ಟಿಕ್’, ‘ಸ್ಪೆಕ್ಟ್ಯಾಕ್ಯುಲರ್’ ಎರಡೂ ಒಪ್ಪುತ್ತವೆ. ಅಂಬಾರಿ ಆನೆಯ ನಡಿಗೆಯ ಬಗ್ಗೆಯೇ ಒಂದು ಸಾಲು ಬರೆಯುವುದಾದರೆ ‘ಸ್ಟೇಟ್ಲಿ’ ಅನ್ನಿ. ನಿಧಾನ, ಗಾಂಭೀರ್ಯ ಎರಡೂ ಆ ಪದದಲ್ಲಿವೆ, ಟೀಕೆ ಇಲ್ಲ.