ಲಾಭ ಬಂತು, ರೊಕ್ಕ ಬಂತೇನು?

ಆಗಸ್ಟ್ ಬಂದರೆ ಹುಬ್ಬಳ್ಳಿ-ಧಾರವಾಡದ ಆಡಿಟರ್ ಆಫೀಸುಗಳಲ್ಲಿ ಒಂದೇ ಮಾತು ಕೇಳುತ್ತದೆ. ಮೊಬೈಲಿನಲ್ಲಿ ಯಾವುದೋ ಕಂಪನಿಯ ವಾರ್ಷಿಕ ವರದಿ ತೆಗೆದು ಮುಂದೆ ಹಿಡಿಯುತ್ತಾರೆ: "ಸರ, ಲಾಭ ಡಬಲ್ ಆಗೇತ್ರಿ. ಶೇರ್ ತಗೋಬಹುದೇನ್ರಿ?" ಕೇಳುವವರು ವ್ಯವಹಾರ ತಿಳಿಯದವರೇನಲ್ಲ. ಗದಗಿನಲ್ಲಿ ಶೇಂಗಾ, ಅಮರಗೋಳದಲ್ಲಿ ಉಳ್ಳಾಗಡ್ಡಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿದವರು, ಉದ್ರಿ ಕೊಟ್ಟು ಕೈ ಸುಟ್ಟುಕೊಂಡವರು. ತಮ್ಮ ಅಂಗಡಿಯ ಕಿರ್ದಿ-ಖಾತೆ ನೋಡುವಾಗಿನ ಎಚ್ಚರವನ್ನು ಕಂಪನಿಯ ವರದಿ ಓದುವಾಗ ಬಿಟ್ಟುಬಿಡುತ್ತಾರೆ. ಲಾಭ ಅಂದರೆ ಕೈಗೆ ಬಂದ ರೊಕ್ಕ ಎಂದೇ ತಿಳಿಯುತ್ತಾರೆ.

ಹಾಗಲ್ಲ. ಇದೊಂದನ್ನು ನಿಧಾನವಾಗಿ ನೋಡೋಣ.

ಬ್ಯಾಡಗಿಯ ವ್ಯಾಪಾರಿಯೊಬ್ಬ ಫೆಬ್ರುವರಿಯಲ್ಲಿ 10 ಲಕ್ಷ ರೂಪಾಯಿ ನಗದು ಕೊಟ್ಟು ಮೆಣಸಿನಕಾಯಿ ಕೊಂಡ ಎನ್ನಿ. ಮಾರ್ಚ್‌ನಲ್ಲಿ ಅಷ್ಟನ್ನೂ 12 ಲಕ್ಷಕ್ಕೆ ಮಾರಿದ. 3 ಲಕ್ಷ ನಗದು ಬಂತು, 9 ಲಕ್ಷ ಉದ್ರಿ. ಮಾರ್ಚ್ 31ಕ್ಕೆ ಅವನ ಲಾಭ 2 ಲಕ್ಷ. ಪೆಟ್ಟಿಗೆಯಲ್ಲಿ ಮಾತ್ರ 7 ಲಕ್ಷ ಕಡಿಮೆ. ಎರಡೂ ಲೆಕ್ಕ ಸರಿ, ಯಾರೂ ಸುಳ್ಳು ಬರೆದಿಲ್ಲ. ಮಾಲು ಕೈಬದಲಾದ ದಿನವೇ ಮಾರಾಟ ಎಂದು ಬರೆಯುವುದು ಲೆಕ್ಕಶಾಸ್ತ್ರದ ನಿಯಮ; ಹಣ ಬರುವ ದಿನ ಬೇರೆ. ಆ 9 ಲಕ್ಷ ಜೂನ್‌ನಲ್ಲಿ ಬಂದರೆ ಚಿಂತೆಯಿಲ್ಲ. ಬಾರದೆ, ಬ್ಯಾಂಕಿನ ಸಾಲದ ಮೇಲೆ ಮತ್ತೆ ಮಾಲು ಕೊಂಡು, ಅದೇ ಗಿರಾಕಿಗೆ ಮತ್ತೆ ಉದ್ರಿ ಕೊಟ್ಟರೆ ಲಾಭ ವರ್ಷ ವರ್ಷವೂ ಏರುತ್ತಲೇ ಇರುತ್ತದೆ. ಅದರ ಜೊತೆ ಸಾಲವೂ ಏರುತ್ತದೆ.

ಕಂಪನಿಯ ವರದಿಯಲ್ಲಿ ಇದನ್ನು ಬಿಚ್ಚಿ ತೋರಿಸುವ ಪುಟಕ್ಕೆ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಎಂದು ಹೆಸರು. ಅಧ್ಯಕ್ಷರ ಪತ್ರ, ಬಣ್ಣದ ಫೋಟೊ, ಬಾಣದ ಚಿತ್ರಗಳನ್ನೆಲ್ಲ ದಾಟಿ, ಆಡಿಟರ್ ವರದಿಯ ನಂತರ ಹುಡುಕಿ. ಬಿಡಿ ಲೆಕ್ಕ, ಸಮೂಹದ ಲೆಕ್ಕ ಎಂದು ಎರಡಿದ್ದರೆ ಸಮೂಹದ್ದು, ಅಂದರೆ ಕನ್ಸಾಲಿಡೇಟೆಡ್ ಎಂದಿರುವುದನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೂರು ಭಾಗ: ವ್ಯವಹಾರದಿಂದ ಬಂದದ್ದು, ಆಸ್ತಿ-ಹೂಡಿಕೆಗೆ ಹೋದದ್ದು, ಸಾಲ-ಬಂಡವಾಳದಿಂದ ಬಂದದ್ದು ಹೋದದ್ದು. ಬ್ರಾಕೆಟ್ಟಿನೊಳಗಿನ ಅಂಕಿ ಅಂದರೆ ಹೊರಹೋದ ಹಣ. ಮೊದಲ ಭಾಗದ ಕೊನೆಯ ಸಾಲು ಬರೆದುಕೊಳ್ಳಿ, ಪಕ್ಕಕ್ಕೆ ತೆರಿಗೆ ಕಳೆದ ನಿವ್ವಳ ಲಾಭ ಬರೆಯಿರಿ.

ಒಂದು ವರ್ಷದ್ದು ಸಾಲದು. ಮಾರ್ಚ್ ಕೊನೆಯಲ್ಲಿ ದೊಡ್ಡ ಆರ್ಡರ್ ಹೋಗಿದ್ದರೆ, ಗಿರಾಕಿ ಸರ್ಕಾರಿ ಇಲಾಖೆಯಾಗಿದ್ದರೆ ಒಂದು ವರ್ಷ ಹಣ ಹಿಂದೆ ಬೀಳುವುದು ಸಹಜ. ಪ್ರತಿ ವರದಿಯಲ್ಲೂ ಹಿಂದಿನ ವರ್ಷದ ಅಂಕಿಯೂ ಇರುವುದರಿಂದ ಒಂದು ವರ್ಷ ಬಿಟ್ಟು ಒಂದು ವರ್ಷದ ಮೂರು ವರದಿ ತೆಗೆದರೆ ಆರು ವರ್ಷದ ಲೆಕ್ಕ ಸಿಗುತ್ತದೆ. ಆರು ವರ್ಷದ ವ್ಯವಹಾರದ ಹಣವನ್ನೂ ನಿವ್ವಳ ಲಾಭವನ್ನೂ ಬೇರೆ ಬೇರೆಯಾಗಿ ಕೂಡಿಸಿ. ಕಾರ್ಖಾನೆ ಇರುವ ಕಂಪನಿಯಲ್ಲಿ ವ್ಯವಹಾರದ ಹಣ ನಿವ್ವಳ ಲಾಭಕ್ಕಿಂತ ಹೆಚ್ಚೇ ಇರಬೇಕು. ಯಂತ್ರದ ಸವಕಳಿಯನ್ನು ಲಾಭದಲ್ಲಿ ಕಳೆದಿರುತ್ತಾರೆ, ಆದರೆ ಆ ವರ್ಷ ಅದಕ್ಕಾಗಿ ಯಾರಿಗೂ ಹಣ ಕೊಟ್ಟಿರುವುದಿಲ್ಲ. ಸಾಲದ ಬಡ್ಡಿಯೂ ಸಾಮಾನ್ಯವಾಗಿ ಮೂರನೇ ಭಾಗಕ್ಕೆ ಹೋಗಿರುತ್ತದೆ. ಇಷ್ಟಾದರೂ ಆರು ವರ್ಷದ ಮೊತ್ತ ಲಾಭಕ್ಕಿಂತ ಬಹಳ ಕೆಳಗಿದ್ದರೆ ಹಣ ಎಲ್ಲಿ ನಿಂತಿದೆ ಎಂದು ಹುಡುಕಲೇಬೇಕು.

ಹೆಚ್ಚಾಗಿ ನಿಂತಿರುವುದು ಎರಡು ಕಡೆ. ಒಂದು ಉದ್ರಿ, ಅಂದರೆ ಟ್ರೇಡ್ ರಿಸೀವಬಲ್ಸ್. ಅದನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಎಷ್ಟು ದಿನದ ಉದ್ರಿ ಎಂದು ತಿಳಿಯುತ್ತದೆ. ಮಾರಾಟ 730 ಕೋಟಿ, ಉದ್ರಿ 120 ಕೋಟಿ ಇದ್ದರೆ 60 ದಿನ. ಮರುವರ್ಷ ಮಾರಾಟ 876 ಕೋಟಿ, ಉದ್ರಿ 240 ಕೋಟಿ ಎಂದಾದರೆ 100 ದಿನ. ಅಧ್ಯಕ್ಷರ ಪತ್ರ ಮಾರಾಟ ಶೇ 20 ಏರಿತು ಎನ್ನುತ್ತದೆ. ಉದ್ರಿ ದುಪ್ಪಟ್ಟಾದದ್ದನ್ನು ನೀವೇ ಕಾಣಬೇಕು. 2021ರ ಏಪ್ರಿಲ್‌ನಿಂದ ಉದ್ರಿಯ ವಯಸ್ಸನ್ನೂ ಟಿಪ್ಪಣಿಯಲ್ಲಿ ಕೊಡುವುದು ಕಡ್ಡಾಯ: 6 ತಿಂಗಳೊಳಗಿನದು, 6 ತಿಂಗಳಿಂದ 1 ವರ್ಷ, 1ರಿಂದ 2, 2ರಿಂದ 3, 3 ವರ್ಷ ಮೀರಿದ್ದು, ತಂಟೆಯಲ್ಲಿರುವುದು ಬೇರೆ. ನಮ್ಮ ಹೂಡಿಕೆದಾರರು ಈ ಕೋಷ್ಟಕವನ್ನು ನೋಡುವುದೇ ಇಲ್ಲ ಎನ್ನುವುದು ನಿಜಕ್ಕೂ ನೋವಿನ ಸಂಗತಿ. 2 ವರ್ಷ ದಾಟಿದ ಉದ್ರಿ ಬೆಳೆಯುತ್ತಿದ್ದು, ಬಾರದ ಸಾಲಕ್ಕೆಂದು ತೆಗೆದಿಟ್ಟ ಮೊತ್ತ ಬೆಳೆಯದಿದ್ದರೆ ತೋರಿಸಿದ ಲಾಭವನ್ನು ಅಷ್ಟಕ್ಕಷ್ಟೇ ನಂಬಿ.

ಇನ್ನೊಂದು ಮಾಲು. ಕೋಲ್ಡ್ ಸ್ಟೋರೇಜಿನಲ್ಲಿಟ್ಟರೂ ಹಳೆಯ ಮೆಣಸಿನಕಾಯಿಯ ಬಣ್ಣ ಇಳಿಯುತ್ತದೆಂದು ಬ್ಯಾಡಗಿಯವರಿಗೆ ಹೇಳಿಕೊಡಬೇಕಿಲ್ಲ. ಕೊಂಡ ಬೆಲೆ, ಈಗ ಮಾರಿದರೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕು ಎಂಬುದು ನಿಯಮ. ಹಿಡಿದಿದ್ದಾರೆಯೇ ಎಂಬುದರ ಸುಳಿವು ಆಡಿಟರ್ ವರದಿಯ ಕೀ ಆಡಿಟ್ ಮ್ಯಾಟರ್ಸ್, ಅಂದರೆ ಆಡಿಟರ್ ಹೆಚ್ಚು ಗಮನ ಕೊಟ್ಟ ಮುಖ್ಯ ವಿಷಯಗಳ ಭಾಗದಲ್ಲಿ ಹಲವು ಸಲ ಸಿಗುತ್ತದೆ. ಅದೇ ವರದಿಯ ಅನುಬಂಧದಲ್ಲಿ ಇನ್ನೊಂದು ಉತ್ತರವಿದೆ: ಮಾಲು-ಉದ್ರಿಯಂಥ ಚಾಲ್ತಿ ಆಸ್ತಿಯ ಭದ್ರತೆ ಮೇಲೆ 5 ಕೋಟಿ ಮೀರಿದ ದುಡಿಯುವ ಬಂಡವಾಳದ ಸಾಲ ಮಂಜೂರಾಗಿದ್ದರೆ, ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ಲೆಕ್ಕ ಪುಸ್ತಕದ ಜೊತೆ ತಾಳೆಯಾಗುತ್ತದೆಯೇ ಎಂದು ಆಡಿಟರ್ ಹೇಳಬೇಕು. ತಾಳೆಯಾಗಿಲ್ಲ ಎಂದಿದ್ದರೆ ಕಾರಣ ಓದದೆ ಮುಂದೆ ಹೋಗಬೇಡಿ.

ಈ ಅಳತೆಗೂ ಮಿತಿಗಳಿವೆ. ಬ್ಯಾಂಕು, ಫೈನಾನ್ಸ್ ಕಂಪನಿ, ವಿಮಾ ಕಂಪನಿಗಳಿಗೆ ಇದನ್ನು ಹಚ್ಚಬೇಡಿ. ಸಾಲ ಕೊಡುವುದೇ ಫೈನಾನ್ಸ್ ಕಂಪನಿಯ ವ್ಯವಹಾರ, ಬೆಳೆದಂತೆ ಮೊದಲ ಭಾಗ ಮೈನಸ್ ಆಗುವುದು ಸಹಜ. ಬಾಡಿಗೆ ಮಳಿಗೆಗಳ ಕಂಪನಿಗಳಲ್ಲಿ 2019ರ ಏಪ್ರಿಲ್‌ನಿಂದ ದೀರ್ಘಾವಧಿ ಬಾಡಿಗೆ ಮೂರನೇ ಭಾಗಕ್ಕೆ ಸರಿದಿದೆ, ಅದನ್ನು ಮೊದಲ ಭಾಗದ ಮೊತ್ತದಿಂದ ಕಳೆದೇ ನೋಡಿ. ಸರಕು ಕೊಟ್ಟವರಿಗೆ ಹಣ ತಡಮಾಡಿಯೂ ಮೊದಲ ಭಾಗವನ್ನು ಒಂದು ವರ್ಷ ಚೆಂದ ಕಾಣಿಸಬಹುದು.

ಬ್ಯಾಂಕಿನಲ್ಲಿ ಹಣವಿದೆ ಎಂದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು-ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಪತ್ರ ಬರೆದು ಒಪ್ಪಿಕೊಂಡರು. ಬರಬೇಕಾದ ಬಡ್ಡಿ ಎಂದು ತೋರಿಸಿದ್ದ 376 ಕೋಟಿಯೂ ಇಲ್ಲದ್ದೇ ಆಗಿತ್ತು. ಅದಕ್ಕೇ ಠೇವಣಿಯ ಮೊತ್ತಕ್ಕೆ ತಕ್ಕ ಬಡ್ಡಿ ಕಾಣುತ್ತದೆಯೇ, ಆ ಬಡ್ಡಿ ಕೈಗೆ ಬಂದಿದೆಯೇ ಎಂದು ಕ್ಯಾಶ್ ಫ್ಲೋದ ಎರಡನೇ ಭಾಗದಲ್ಲಿ ನೋಡಬೇಕು.

ಯಾವ ಶೇರು ಕೊಳ್ಳಬೇಕೆಂದು ಹೇಳುವುದು ಶೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತರಾದ ಸಲಹೆಗಾರರ ಕೆಲಸ, ಈ ಅಂಕಣದ್ದಲ್ಲ. ಈಗಾಗಲೇ ಶೇರು ಇದ್ದವರು ಮಾತ್ರ ಒಂದು ಕೆಲಸ ಮಾಡಬಹುದು. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಪ್ರಶ್ನೆ ಕಳಿಸಲು ಇಮೇಲ್ ವಿಳಾಸ, ಕೊನೆಯ ದಿನ ಎರಡನ್ನೂ ಸಭೆಯ ನೋಟಿಸಿನಲ್ಲಿ ನೋಡಿಕೊಳ್ಳಿ. ಉದ್ದ ಬರೆಯಬೇಡಿ. "ಮಾರ್ಚ್ 31ಕ್ಕೆ ಒಂದು ವರ್ಷ ಮೀರಿದ್ದ ಉದ್ರಿಯಲ್ಲಿ ಇವತ್ತಿನವರೆಗೆ ಎಷ್ಟು ವಸೂಲಾಗಿದೆ?" ಎಂದಷ್ಟೇ ಕೇಳಿ.